ಹೀಟರಿನ ಪ್ಲಗ್ ಯಾಕೆ ಕರಗಿತು? ವೋಲ್ಟ್, ಆಂಪಿಯರ್, ಓಮ್, ವ್ಯಾಟ್ ಲೆಕ್ಕ ಬಚ್ಚಲಿನಿಂದ ತೋಟದವರೆಗೆ

ಕಳೆದ ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಹೀಟರಿನ ಪ್ಲಗ್ ಕರಗಿ ಹೋಯ್ತು. ಹೀಟರ್ ಅಂದ್ರೆ ಬಾಲ್ದಿಯೊಳಗೆ ಇಳಿಸಿ ನೀರು ಕಾಯಿಸುವ ಕಾಯಿಲ್, 1500 ವ್ಯಾಟಿನದ್ದು. ಕಾಯಿಲಿಗೆ ಎಂತದ್ದೂ ಆಗಿರ್ಲಿಲ್ಲ, ನೀರು ಬಿಸಿ ಆಗ್ತಾ ಇತ್ತು, ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗುವ ಸ್ವಿಚ್) ಸಹ ಬಿದ್ದಿರ್ಲಿಲ್ಲ. ಸುಟ್ಟ ವಾಸನೆ ಬರ್ತಾ ಉಂಟು ಅಂತ ಅಮ್ಮ ಕರೆದ್ರು, ಹೋಗಿ ಸ್ವಿಚ್ ಆಫ್ ಮಾಡಿ ಪ್ಲಗ್ ಎಳೆದು ನೋಡಿದ್ರೆ ಒಂದು ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿದೆ, ಪಿನ್ನಿನ ಮೇಲೆ ಕಪ್ಪು ಮಸಿ, ಮಸಿಯ ಅಂಚಿನಲ್ಲಿ ಹಸಿರು ಕಿಲುಬು. ಪಕ್ಕದ ಪಿನ್ ಮಾತ್ರ ಹೊಸದರ ಹಾಗೆ ಫಳಫಳ. ನಾವಿರುವುದು ಕಟಪಾಡಿಯಲ್ಲಿ, ಮಟ್ಟು ಕಡಲಿನ ಗಾಳಿ ನೇರ ಮನೆಗೆ ಬರ್ತದೆ, ಉಪ್ಪುಗಾಳಿಗೆ ಹಿತ್ತಾಳೆ ಕಿಲುಬು ಹಿಡಿಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಕಥೆ.

ಅಕ್ಕನ ಮಗ ಆಗ ರಜೆಗೆ ಬಂದಿದ್ದ, ಎಸ್ಸೆಸ್ಸೆಲ್ಸಿ. ಕರಗಿದ ಪ್ಲಗ್ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಮಾವ, 1500 ವ್ಯಾಟ್ ಇರುವುದು ಕಾಯಿಲಿಗೆ ಅಲ್ವಾ, ಪ್ಲಗ್ ಯಾಕೆ ಕರಗಿದ್ದು?" ನಾನು ಉತ್ತರ ಹೇಳುವ ಮೊದಲೇ ಇನ್ನೊಂದು ಪ್ರಶ್ನೆ. "ಪಾಠದಲ್ಲಿ ಪವರಿಗೆ ಎರಡು ಸೂತ್ರ ಉಂಟು. ಒಂದರಲ್ಲಿ ಆರ್, ಅಂದ್ರೆ ರೆಸಿಸ್ಟೆನ್ಸ್, ಮೇಲೆ ಉಂಟು, ಇನ್ನೊಂದರಲ್ಲಿ ಕೆಳಗೆ ಉಂಟು. ರೆಸಿಸ್ಟೆನ್ಸ್ ಜಾಸ್ತಿ ಆದ್ರೆ ಬಿಸಿ ಜಾಸ್ತಿಯಾ, ಕಮ್ಮಿಯಾ?"

ಎರಡು ಪ್ರಶ್ನೆಯೂ ಒಂದೇ ಪ್ರಶ್ನೆ. ಇದು ಅರ್ಥ ಆದ್ರೆ ಮನೆಯ ಕರೆಂಟಿನ ಮುಕ್ಕಾಲು ಭಾಗ ಅರ್ಥ ಆದ ಹಾಗೆ, ಆದ್ರೆ ಶಾಲೆಯಲ್ಲಿ ನಾವೆಲ್ಲ ಸೂತ್ರ ಬಾಯಿಪಾಠ ಮಾಡಿ ಲೆಕ್ಕ ಬಿಡಿಸಿ ಮುಂದೆ ಹೋದವರು, ಹಾಗಾಗಿ ಸ್ವಲ್ಪ ನಿಧಾನಕ್ಕೆ ಬರೀತೇನೆ.

ಮೊದಲು ಬುಡದ ವಿಷಯ ಬೇಗ ಮುಗಿಸ್ತೇನೆ. ವೋಲ್ಟ್ ಅಂದ್ರೆ ಒತ್ತಡ, ಆಂಪಿಯರ್ ಅಂದ್ರೆ ಹರಿಯುವ ಕರೆಂಟ್, ಓಮ್ ಅಂದ್ರೆ ಆ ಹರಿವಿಗೆ ಎಷ್ಟು ಅಡ್ಡಿ, ಈ ಅಡ್ಡಿಯೇ ರೆಸಿಸ್ಟೆನ್ಸ್, ಪುಸ್ತಕದಲ್ಲಿ ಇದಕ್ಕೆ ರೋಧ ಅಂತಾರೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದ್ರೆ ಓಮ್ ಸಿಗ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ರೆ ವ್ಯಾಟ್ ಸಿಗ್ತದೆ, ಅಂದ್ರೆ ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚು ಆಗ್ತಾ ಉಂಟು ಅಂತ, ಇದೇ ಪವರ್. ನಿಜವಾಗಿ ನೆನಪಿಡ್ಲಿಕ್ಕೆ ಇರುವುದು ಇವೆರಡೇ, ಒಂದು ಭಾಗಾಕಾರ, ಒಂದು ಗುಣಾಕಾರ. ಉಳಿದ ಸೂತ್ರಗಳೆಲ್ಲ ಇವೆರಡನ್ನು ಒಂದರೊಳಗೆ ಒಂದು ಹಾಕಿದಾಗ ಬರುವಂಥದ್ದು. ನೀರಿನ ಪೈಪಿನ ಹೋಲಿಕೆ ಎಲ್ಲರೂ ಕೊಡ್ತಾರೆ, ಶುರುವಿಗೆ ಅದು ಒಳ್ಳೆಯದೇ, ಆದ್ರೆ ಒಂದು ಕಡೆ ದಾರಿ ತಪ್ಪಿಸ್ತದೆ. ಪೈಪ್ ತುಂಡಾದ್ರೆ ನೀರು ಹೊರಗೆ ಚೆಲ್ತದೆ, ವಯರ್ ತುಂಡಾದ್ರೆ ಕರೆಂಟ್ ಚೆಲ್ಲುವುದಿಲ್ಲ, ಹರಿವೇ ನಿಲ್ತದೆ. ಹೋಗಿ ತಿರುಗಿ ಬರ್ಲಿಕ್ಕೆ ದಾರಿ ಪೂರ್ತಿ ಇದ್ರೆ ಮಾತ್ರ ಅದು ಹರಿಯುವುದು.

ಈಗ ನಮ್ಮ ಹೀಟರ್. ಅದರ ಮೇಲೆ ಬರೆದದ್ದು 230 ವೋಲ್ಟ್, 1500 ವ್ಯಾಟ್. 1500ನ್ನು 230ರಿಂದ ಭಾಗಿಸಿದ್ರೆ 6.52 ಆಂಪಿಯರ್. 230ನ್ನು 6.52ರಿಂದ ಭಾಗಿಸಿದ್ರೆ 35.3 ಓಮ್. ಹುಡುಗನಿಗೆ ಇದು ನಂಬಿಕೆ ಬರ್ಲಿ ಅಂತ ಹೀಟರನ್ನು ಪೂರ್ತಿ ಕಳಚಿ ಒಣಗಿಸಿ, ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಪ್ಲಗ್ಗಿನ ಎರಡು ಪಿನ್ನಿಗೆ ಹಿಡಿಸಿದೆ. ಕಿಲುಬಿನ ಪಿನ್ನನ್ನು ಮೊದಲು ಚೆನ್ನಾಗಿ ಕೆರೆದು ಹೊಳಪು ಬರಿಸಬೇಕಾಯ್ತು. ಮೀಟರಿನಲ್ಲಿ 35.7 ಬಂತು. ಕಡ್ಡಿ ಎರಡನ್ನೂ ಒಂದಕ್ಕೊಂದು ತಾಗಿಸಿದ್ರೆ 0.3 ತೋರಿಸ್ತದೆ, ಅದು ಮೀಟರಿನ ವಯರಿನದ್ದೇ ರೆಸಿಸ್ಟೆನ್ಸ್, ಕಳೆದ್ರೆ 35.4. ಕಾಗದದ ಲೆಕ್ಕ ಮತ್ತೆ ಮೀಟರಿನ ಲೆಕ್ಕ ಹೀಗೆ ಒಂದೇ ಬಂದಾಗ ಅವನ ಮುಖ ನೋಡ್ಬೇಕಿತ್ತು.

ಆದ್ರೆ ಎಲ್ಲ ಸಾಮಾನೂ ಹೀಗೆ ಹೊಂದುವುದಿಲ್ಲ. ಅಟ್ಟದಲ್ಲಿ ಒಂದು ಹಳೆ 100 ವ್ಯಾಟಿನ ತಂತಿ ಬಲ್ಬ್ ಇತ್ತು, ಅದನ್ನೂ ಅಳೆಯುವ ಅಂದ. ಲೆಕ್ಕದ ಪ್ರಕಾರ 529 ಓಮ್ ಬರ್ಬೇಕು, ಮೀಟರ್ ತೋರಿಸಿದ್ದು 40. ಮೀಟರ್ ಹಾಳಾಗಿದೆ ಅಂದುಕೊಂಡ. ಹಾಳಾಗಿಲ್ಲ, ಬಲ್ಬಿನ ತಂತಿ ಟಂಗ್‌ಸ್ಟನ್, ಅದು ಬೆಳಗುವಾಗ ಎರಡು ಸಾವಿರ ಡಿಗ್ರಿಗಿಂತ ಮೇಲೆ ಇರ್ತದೆ, ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಸಹ ಏರ್ತದೆ, ತಣ್ಣಗೆ ಇರುವಾಗ ಹತ್ತು ಹದಿಮೂರು ಪಾಲು ಕಮ್ಮಿ. ಹಾಗಾಗಿ ಸ್ವಿಚ್ ಹಾಕಿದ ಆ ಕ್ಷಣಕ್ಕೆ ಬಲ್ಬ್ ಅರ್ಧ ಆಂಪಿಯರಿನ ಬದಲು ಐದಕ್ಕಿಂತ ಮೇಲೆ ಎಳೀತದೆ. ಹಳೆ ಬಲ್ಬುಗಳು ಉರಿಯುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕುವಾಗಲೇ ಟಕ್ ಅಂತ ಹೋಗ್ತಿದ್ದದ್ದು ನೆನಪು ಉಂಟಲ್ಲ, ಅದಕ್ಕೆ ಇದೇ ಕಾರಣ. ಹೀಟರ್, ಇಸ್ತ್ರಿಪೆಟ್ಟಿಗೆಯೊಳಗೆ ಇರುವುದು ನಿಕ್ರೋಮ್ ತಂತಿ, ಅದು ಬಿಸಿ ಆದ್ರೂ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಅಷ್ಟೇ ಇರ್ತದೆ, ಹಾಗಾಗಿ ತಣ್ಣಗೆ ಅಳೆದ ಲೆಕ್ಕ ಬಿಸಿಗೂ ಸಾಕು.

ಇನ್ನು ಮುಖ್ಯ ಪ್ರಶ್ನೆಗೆ ಬರುವ. ಎರಡು ಸೂತ್ರ: ಒಂದು, ವ್ಯಾಟ್ = ಆಂಪಿಯರ್ × ಆಂಪಿಯರ್ × ಓಮ್. ಇನ್ನೊಂದು, ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್. ಎರಡೂ ಸರಿ, ಎರಡೂ ಎಲ್ಲ ಕಾಲಕ್ಕೂ ಸರಿ. ಗೊಂದಲ ಇರುವುದು ಸೂತ್ರದಲ್ಲಿ ಅಲ್ಲ, ಓಮ್ ಬದಲಾಗುವಾಗ ಉಳಿದದ್ದರಲ್ಲಿ ಯಾವುದು ಬದಲಾಗದೆ ಗಟ್ಟಿ ನಿಂತಿರ್ತದೆ ಅಂತ ನಾವು ಕೇಳುವುದಿಲ್ಲ, ಅದರಲ್ಲಿ.

ಮನೆಯ ಸಾಕೆಟಿನಲ್ಲಿ ಗಟ್ಟಿ ನಿಂತಿರುವುದು ವೋಲ್ಟ್. ಮೆಸ್ಕಾಂನವರು ಕೊಡುವುದು 230 ವೋಲ್ಟ್, ಅದು ನೀವು ಒಂದು ಎಲ್‌ಇಡಿ ಹಾಕಿದ್ರೂ ಅಷ್ಟೇ, ಗೀಸರ್ ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ. ಕರೆಂಟ್ ಎಷ್ಟು ಅಂತ ಮೆಸ್ಕಾಂ ತೀರ್ಮಾನ ಮಾಡುವುದಿಲ್ಲ, ನೀವು ಚುಚ್ಚಿದ ಸಾಮಾನಿನ ಓಮ್ ತೀರ್ಮಾನ ಮಾಡ್ತದೆ. 16 ಆಂಪಿಯರಿನ ಸಾಕೆಟಿಗೆ ಮೊಬೈಲ್ ಚಾರ್ಜರ್ ಹಾಕಿದ್ರೆ ಚಾರ್ಜರ್ ಸುಡ್ತದಾ ಅಂತ ಎಷ್ಟೋ ಜನ ಕೇಳ್ತಾರೆ, ಸುಡುವುದಿಲ್ಲ, ಸಾಕೆಟ್ ಕರೆಂಟನ್ನು ದೂಡುವುದಿಲ್ಲ, ಚಾರ್ಜರ್ ತನಗೆ ಬೇಕಾದಷ್ಟೇ ಎಳೀತದೆ. ಹೀಗೆ ವೋಲ್ಟ್ ಗಟ್ಟಿ ಇರುವಲ್ಲಿ ಎರಡನೇ ಸೂತ್ರ ನೋಡ್ಬೇಕು: ಓಮ್ ಕಮ್ಮಿ ಇದ್ದಷ್ಟು ಬಿಸಿ ಜಾಸ್ತಿ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ 52.9 ಓಮ್, 2000 ವ್ಯಾಟಿನ ಗೀಸರಿಗೆ ಅದರ ಅರ್ಧ, 26.5 ಓಮ್.

ಪ್ಲಗ್ಗಿನ ಪಿನ್ನಿಗೆ ಬಂದಾಗ ಕಥೆ ತಿರುಗ್ತದೆ. ಪಿನ್ ಮತ್ತೆ ಕಾಯಿಲ್ ಒಂದರ ಹಿಂದೆ ಒಂದು ಸಾಲಾಗಿ ಇರುವಂಥದ್ದು, ಪಿನ್ನಿನಲ್ಲಿ ಹರಿದದ್ದೇ ಕಾಯಿಲಿನಲ್ಲಿ ಹರಿಯಬೇಕು. ಎಷ್ಟು ಹರಿಯಬೇಕು ಅಂತ ಹೇಳುವುದು ಕಾಯಿಲಿನ 35 ಓಮ್, ಪಿನ್ನಿನ ಮಾತು ಅಲ್ಲಿ ನಡೆಯುವುದಿಲ್ಲ. ಅಂದ್ರೆ ಪಿನ್ನಿನ ಮಟ್ಟಿಗೆ ಗಟ್ಟಿ ನಿಂತಿರುವುದು ಆಂಪಿಯರ್. ಹಾಗಾಗಿ ಮೊದಲನೇ ಸೂತ್ರ: ಓಮ್ ಜಾಸ್ತಿ ಆದಷ್ಟು ಬಿಸಿ ಜಾಸ್ತಿ. ಒಳ್ಳೆ ಪಿನ್ ಸಾಕೆಟಿನಲ್ಲಿ ಬಿಗಿಯಾಗಿ ಕೂತ್ರೆ ಅಲ್ಲಿಯ ರೆಸಿಸ್ಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ. ಕಿಲುಬು ಹಿಡಿದು ಸಾಕೆಟಿನ ಸ್ಪ್ರಿಂಗ್ ಸಹ ಸಡಿಲ ಆಗಿ ಅರ್ಧ ಓಮ್ ಆಯ್ತು ಅಂತ ಇಟ್ಟುಕೊಳ್ಳಿ. ಒಟ್ಟು 35.8 ಓಮ್, ಕರೆಂಟ್ 6.43 ಆಂಪಿಯರ್. ಪಿನ್ನಿನಲ್ಲಿ 6.43 × 6.43 × 0.5, ಹತ್ತಿರ ಹತ್ತಿರ 21 ವ್ಯಾಟ್.

21 ವ್ಯಾಟ್ ಎಂತ ಮಹಾ ಅಂತ ಅನ್ನಿಸಬಹುದು. ರೇಡಿಯೋ ರಿಪೇರಿಯವರು ಸೀಸ ಕರಗಿಸಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಉಂಟಲ್ಲ, ಅದು 25 ವ್ಯಾಟ್. ಹೆಚ್ಚುಕಮ್ಮಿ ಅಂಥದ್ದೊಂದನ್ನು ಪ್ಲಗ್ಗಿನೊಳಗೆ ಚುಚ್ಚಿ ಕಾಲು ಗಂಟೆ ಇಟ್ಟ ಹಾಗೆ. ಕಾಯಿಲಿನಲ್ಲಿ 1458 ವ್ಯಾಟ್ ಇದ್ರೂ ಅದರ ಸುತ್ತ ನೀರು ಉಂಟು, ಬಿಸಿಯನ್ನೆಲ್ಲ ನೀರು ತಕ್ಕೊಳ್ತದೆ. ಪಿನ್ನಿನ ಬಿಸಿಗೆ ಹೋಗ್ಲಿಕ್ಕೆ ಜಾಗವೇ ಇಲ್ಲ, ಪ್ಲಾಸ್ಟಿಕ್ಕಿಗೆ ಹೋಗ್ಬೇಕು.

ಎಂಸಿಬಿ ಯಾಕೆ ಬೀಳ್ಲಿಲ್ಲ ಅಂತ ಅಮ್ಮ ಕೇಳಿದ್ರು, ಇದು ಬಹಳ ಒಳ್ಳೆ ಪ್ರಶ್ನೆ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದ್ರೆ. ಇಲ್ಲಿ ಕರೆಂಟ್ 6.52ರಿಂದ 6.43ಕ್ಕೆ ಇಳಿದಿದೆ! ಎಂಸಿಬಿಯ ಲೆಕ್ಕದಲ್ಲಿ ಎಲ್ಲ ಮೊದಲಿಗಿಂತ ಒಳ್ಳೆಯದೇ ಉಂಟು. ಸಡಿಲ ಕನೆಕ್ಷನಿನ ಬಿಸಿಯನ್ನು ಹಿಡಿಯುವ ಯೋಗ್ಯತೆ ಅದಕ್ಕಿಲ್ಲ, ಆ ಕೆಲಸ ನಮ್ಮ ಕೈಯದ್ದೇ, ಸ್ವಿಚ್ ಆಫ್ ಮಾಡಿ ಒಣ ಕೈಯಲ್ಲಿ ಪ್ಲಗ್ ಮುಟ್ಟಿ ನೋಡ್ಬೇಕು, ಉಗುರು ಬೆಚ್ಚಗಿಂತ ಜಾಸ್ತಿ ಇದ್ರೆ ಪ್ಲಗ್ ಸಾಕೆಟ್ ಎರಡನ್ನೂ ಬದಲಿಸಬೇಕು. ಬರೀ ಪ್ಲಗ್ ಬದಲಿಸಿದ್ರೆ ಸಾಕಾಗುವುದಿಲ್ಲ, ಹಳೆ ಸಾಕೆಟಿನ ಸ್ಪ್ರಿಂಗ್ ಹೊಸ ಪ್ಲಗ್ಗನ್ನೂ ಸುಡ್ತದೆ. ಮತ್ತೆ 1500 ವ್ಯಾಟಿನ ಹೀಟರಿಗೆ 6.52 ಆಂಪಿಯರ್ ಬೇಕಲ್ಲ, 6 ಆಂಪಿಯರಿನ ಸಣ್ಣ ಸಾಕೆಟ್ ಅದಕ್ಕೆ ಆಗುವುದೇ ಇಲ್ಲ, 16ರ ದೊಡ್ಡದೇ ಬೇಕು. ದೊಡ್ಡ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟಿಗೆ ಹಾಕುವವರು ದಯವಿಟ್ಟು ಈ ಒಂದು ಭಾಗಾಕಾರ ಮಾಡಿ ನೋಡಿ.

ಈ ನಿಯಮ ಕಂಡುಹಿಡಿದ ಜಾರ್ಜ್ ಸೈಮನ್ ಓಮ್ ಸಹ ಮೊದಲು ಒದ್ದಾಡಿದ್ದು ಇದೇ ವಿಷಯಕ್ಕೆ, ಯಾವುದಾದರೂ ಒಂದು ಗಟ್ಟಿ ನಿಲ್ಬೇಕಲ್ಲ ಅಂತ. ಅವರು ಜರ್ಮನಿಯ ಕೊಲೋನ್‌ನಲ್ಲಿ ಶಾಲೆಯ ಮೇಷ್ಟ್ರು. ಆಗಿನ ಬ್ಯಾಟರಿಗಳು ಕರೆಂಟ್ ಎಳೆದ ಹಾಗೆ ಸೋತು ಹೋಗ್ತಿದ್ದವು, ತಂತಿ ಬದಲಿಸಿದ್ದಕ್ಕೆ ಕರೆಂಟ್ ಬದಲಾದದ್ದಾ, ಬ್ಯಾಟರಿ ಸೋತದ್ದಕ್ಕಾ ಅಂತ ಗೊತ್ತೇ ಆಗ್ತಿರ್ಲಿಲ್ಲ. ಕಡೆಗೆ ಬ್ಯಾಟರಿ ಬಿಟ್ಟು ತಾಮ್ರ ಮತ್ತೆ ಬಿಸ್ಮತ್ ಲೋಹದ ಎರಡು ಜೋಡಣೆ ಮಾಡಿ ಒಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ರು. ಕುದಿಯುವ ನೀರು ಮತ್ತೆ ಮಂಜುಗಡ್ಡೆಯ ಉಷ್ಣತೆ ಬದಲಾಗುವುದಿಲ್ಲ, ಹಾಗಾಗಿ ಅದರಿಂದ ಬರುವ ವೋಲ್ಟ್ ಸಹ ಬದಲಾಗುವುದಿಲ್ಲ. ಆಮೇಲೆ ಬೇರೆ ಬೇರೆ ಉದ್ದದ ತಂತಿ ಹಾಕಿ ಅಳೆದಾಗ ನಿಯಮ ಕಣ್ಣಿಗೆ ಬಿತ್ತು. 1827ರಲ್ಲಿ ಪೂರ್ತಿ ಬರೆದು ಪ್ರಕಟ ಮಾಡಿದ್ರು, ಮೊದಲು ಅವರ ಊರಿನಲ್ಲೇ ಹೆಚ್ಚಿನ ಜನ ತಲೆಗೆ ಹಾಕಿಕೊಳ್ಳಲಿಲ್ಲ, 1841ರಲ್ಲಿ ಲಂಡನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮಂಜುಗಡ್ಡೆ ಮತ್ತೆ ಬಿಸಿನೀರಿನ ಈ ಉಪಾಯ ನನಗೆ ಆ ಸೂತ್ರಕ್ಕಿಂತಲೂ ಇಷ್ಟ.

ನಮ್ಮಲ್ಲಿ ವೋಲ್ಟ್ ಗಟ್ಟಿ ನಿಲ್ಲದ ಕಾಲವೂ ಉಂಟು, ಏಪ್ರಿಲ್ ಮೇ ಸಂಜೆ, ಎಲ್ಲರ ತೋಟದ ಪಂಪ್ ಒಟ್ಟಿಗೆ ಶುರು ಆದಾಗ. 180 ವೋಲ್ಟಿಗೆ ಇಳಿಯಿತು ಅಂತ ಇಟ್ಟುಕೊಳ್ಳುವ. ಹೀಟರಿನ ಓಮ್ ಬದಲಾಗಿಲ್ಲ, 180 × 180 ÷ 35.3, ಅಂದ್ರೆ 918 ವ್ಯಾಟ್. ವೋಲ್ಟ್ ಇಳಿದದ್ದು ಸುಮಾರು ಐದರಲ್ಲಿ ಒಂದು ಭಾಗ, ಪವರ್ ಇಳಿದದ್ದು ಐದರಲ್ಲಿ ಎರಡು ಭಾಗ, ಯಾಕೆಂದ್ರೆ ವೋಲ್ಟ್ ಇಳಿದಾಗ ಆಂಪಿಯರ್ ಸಹ ಇಳೀತದೆ, ಎರಡು ಕಡೆಯಿಂದ ಪೆಟ್ಟು. 20 ಲೀಟರಿನ ಬಾಲ್ದಿ ನೀರು 27 ಡಿಗ್ರಿಯಿಂದ 45ಕ್ಕೆ ಏರ್ಲಿಕ್ಕೆ ಸರಿ ವೋಲ್ಟಿನಲ್ಲಿ 17 ನಿಮಿಷ ಸಾಕು, 180ರಲ್ಲಿ 27 ನಿಮಿಷ ಬೇಕು. ಮೀಟರ್ ಓಡುವುದು ಮಾತ್ರ ಎರಡರಲ್ಲೂ ಒಂದೇ, ಸುಮಾರು 0.42 ಯೂನಿಟ್, ನೀರಿಗೆ ಬೇಕಾದ ಶಕ್ತಿ ಅಷ್ಟೇ ಅಲ್ವಾ. ಒಂದು ಯೂನಿಟ್ ಅಂದ್ರೆ 1000 ವ್ಯಾಟ್ ಒಂದು ಗಂಟೆ, ಅಷ್ಟೇ.

ಪಂಪಿನದ್ದು ಉಲ್ಟಾ. ಮೋಟಾರ್ ಬರೀ ಓಮ್ ಅಲ್ಲ, ಅದು ನೀರನ್ನು ಮೇಲೆ ಎತ್ತಲೇಬೇಕು, ವೋಲ್ಟ್ ಕಮ್ಮಿ ಆದ್ರೆ ಅದೇ ಕೆಲಸಕ್ಕೆ ಜಾಸ್ತಿ ಆಂಪಿಯರ್ ಎಳೀತದೆ. 9 ಇದ್ದದ್ದು 12 ಆದ್ರೆ ಒಳಗಿನ ತಾಮ್ರದ ಸುತ್ತಿನಲ್ಲಿ ಬಿಸಿ (12 × 12) ÷ (9 × 9), ಅಂದ್ರೆ ಸುಮಾರು 1.8 ಪಾಲು. ಬೇಸಿಗೆಯಲ್ಲಿ ಇಷ್ಟೊಂದು ಪಂಪ್ ರಿವೈಂಡಿಂಗಿಗೆ ಬರುವುದು ಇದರಿಂದಲೂ. ಮೋಟಾರಿಗೆ ವೋಲ್ಟ್ × ಆಂಪಿಯರ್ ಮಾಡಿದ್ರೆ ನಿಜವಾದ ವ್ಯಾಟಿಗಿಂತ ಸ್ವಲ್ಪ ಜಾಸ್ತಿ ಬರ್ತದೆ, ಪವರ್ ಫ್ಯಾಕ್ಟರ್ ಅಂತ 0.8, 0.85ರಿಂದ ಗುಣಿಸಬೇಕು, ಅದರ ಕಾರಣ ಇನ್ನೊಂದು ದೊಡ್ಡ ಲೇಖನ ಆಗ್ತದೆ. ಹೀಟರ್, ಇಸ್ತ್ರಿಪೆಟ್ಟಿಗೆ, ತಂತಿ ಬಲ್ಬಿಗೆ ಆ ತಲೆಬಿಸಿ ಇಲ್ಲ.

ರಸ್ತೆ ಬದಿಯ ಕಂಬದಲ್ಲಿ 11,000 ವೋಲ್ಟ್ ಯಾಕೆ ಬೇಕು, ನಂದಿಕೂರಿನ ಥರ್ಮಲ್ ಪ್ಲಾಂಟಿನಿಂದ ಹೋಗುವ ದೊಡ್ಡ ಟವರಿನಲ್ಲಿ 4 ಲಕ್ಷ ವೋಲ್ಟ್ ಯಾಕೆ ಅಂತ ಹುಡುಗ ಕೇಳಿದ. ಈಗ ಉತ್ತರ ಅವನೇ ಕೊಡಬಹುದಿತ್ತು. ಒಂದು ಲಕ್ಷ ವ್ಯಾಟ್ ಕಳಿಸ್ಬೇಕು, 230 ವೋಲ್ಟಿನಲ್ಲಿ ಕಳಿಸಿದ್ರೆ 435 ಆಂಪಿಯರ್, 11,000ದಲ್ಲಿ 9 ಆಂಪಿಯರ್ ಸಾಕು. ಮೂರು ಫೇಸಿನ ವಿಷಯ ಲೆಕ್ಕ ಸುಲಭ ಆಗ್ಲಿ ಅಂತ ಬಿಟ್ಟಿದ್ದೇನೆ. ತಂತಿ ಅದೇ, ಓಮ್ ಅದೇ, ಆಂಪಿಯರ್ 48 ಪಾಲು ಕಮ್ಮಿ ಆದ್ರೆ ತಂತಿಯಲ್ಲಿ ಹಾಳಾಗುವ ಬಿಸಿ 48 × 48, ಎರಡು ಸಾವಿರದ ಮುನ್ನೂರು ಪಾಲು ಕಮ್ಮಿ. ತಂತಿಯೂ ಪಿನ್ನಿನ ಹಾಗೆ ನಡುವೆ ನಿಂತದ್ದು, ಅಲ್ಲಿ ಆಂಪಿಯರ್ ಕಮ್ಮಿ ಮಾಡುವುದೇ ದಾರಿ.

ಬಚ್ಚಲಿನ ವಿಷಯ ಬಂದದ್ದಕ್ಕೆ ಇದೊಂದು ಹೇಳದೆ ಮುಂದೆ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಮೈಗೂ ಓಮ್ ಉಂಟು. ಒಣ ಚರ್ಮ ಆದ್ರೆ ಹತ್ತಾರು ಸಾವಿರ ಇರಬಹುದು, ಒದ್ದೆ ಕೈ, ಒದ್ದೆ ನೆಲದಲ್ಲಿ ಬರಿಗಾಲು ಆದ್ರೆ ಸಾವಿರದ ಆಸುಪಾಸಿಗೆ ಇಳೀತದೆ. 230ನ್ನು 1000ದಿಂದ ಭಾಗಿಸಿ, 0.23 ಆಂಪಿಯರ್. ಎದೆಯ ಮೂಲಕ ಅಷ್ಟು ಹರಿದ್ರೆ ಜೀವ ಹೋಗ್ಲಿಕ್ಕೆ ಸಾಕು, ಅದರ ಎಷ್ಟೋ ಕಮ್ಮಿಯೂ ಸಾಕು. ಆಗ 16 ಆಂಪಿಯರಿನ ಎಂಸಿಬಿಗೆ ಕಾಣುವುದು ಎಂತ? 230 × 0.23, ಅಂದ್ರೆ 53 ವ್ಯಾಟ್. ಒಬ್ಬ ಮನುಷ್ಯ ಸಾಯ್ತಾ ಇರುವುದು ಅದಕ್ಕೆ ಒಂದು ಬಲ್ಬ್ ಉರಿದ ಹಾಗೆ. ಅದಕ್ಕೇ ಆರ್‌ಸಿಸಿಬಿ ಬೇಕು, 30 ಮಿಲಿ ಆಂಪಿಯರಿನದ್ದು, ಹೋದ ಕರೆಂಟ್ ತಿರುಗಿ ಬರದೆ ನೆಲಕ್ಕೆ ಸೋರಿದ್ರೆ ಕ್ಷಣದೊಳಗೆ ಬಂದ್ ಮಾಡ್ತದೆ. ಹೀಟರ್ ಬಾಲ್ದಿಯಲ್ಲಿ ಇರುವಾಗ ನೀರು ಬಿಸಿ ಆಯ್ತಾ ಅಂತ ಬೆರಳು ಅದ್ದಬೇಡಿ, ಮೊದಲು ಸ್ವಿಚ್ ಆಫ್, ಪ್ಲಗ್ ಹೊರಗೆ, ಆಮೇಲೆ ಬೆರಳು. ಆರ್‌ಸಿಸಿಬಿ ಇದ್ರೂ ಹಾಗೆಯೇ ಮಾಡಿ.

ಕಡೆಗೆ ತೋಟದ ಕಥೆ. ಹಿರಿಯಡ್ಕದ ಹತ್ರ ಭಾವನ ಅಡಿಕೆ ತೋಟ ಉಂಟು. ಮೀಟರ್ ಬೋರ್ಡಿನಿಂದ ಬಾವಿಯ ಪಂಪಿಗೆ 100 ಮೀಟರ್, ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಒಂದೂವರೆ ಎಚ್‌ಪಿ ಪಂಪ್. ನೀರು ಮೊದಲಿನ ಹಾಗೆ ಹಾರುವುದಿಲ್ಲ, ಪಂಪ್ ಬದಲಿಸಬೇಕಾ ಅಂತ ಭಾವ ಫೋನ್ ಮಾಡಿದ್ರು. ಮೊದಲು ಅಳೆಯುವ ಅಂತ ಹೇಳಿ, ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರ್ಕೊಂಡು ಹೋದೆ, ಹುಡುಗನೂ ಬಂದ.

ಹೋಗುವ ದಾರಿಯಲ್ಲೇ ಅವನ ಹತ್ರ ಲೆಕ್ಕ ಮಾಡಿಸಿದೆ. ಒಂದು ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.018 ಓಮ್. ಹೋಗ್ಲಿಕ್ಕೆ 100, ಬರ್ಲಿಕ್ಕೆ 100, ಒಟ್ಟು 200 ಮೀಟರ್, ಈ ಬರುವ ದಾರಿಯನ್ನು ತುಂಬಾ ಜನ ಮರೀತಾರೆ. 200 × 0.018 ÷ 2.5, ಅಂದ್ರೆ 1.44 ಓಮ್. 9 ಆಂಪಿಯರಿಗೆ 13 ವೋಲ್ಟ್ ಕೇಬಲಿನಲ್ಲೇ ಹೋಗ್ತದೆ, 117 ವ್ಯಾಟ್ ಬರೀ ಮಣ್ಣು ಬಿಸಿ ಮಾಡ್ಲಿಕ್ಕೆ. ಒಂದೂವರೆ ಎಂಎಂ ಹಾಕಿದ್ರೆ 194 ವ್ಯಾಟ್ ಹೋಗ್ತಿತ್ತು, ನಾಲ್ಕು ಎಂಎಂ ಹಾಕಿದ್ರೆ 73. ದಿನಕ್ಕೆ ನಾಲ್ಕು ಗಂಟೆ ಪಂಪ್ ಓಡಿಸುವವರು ಕೇಬಲ್ ತಕ್ಕೊಳ್ಳುವ ಮೊದಲು ಈ ಲೆಕ್ಕ ಮಾಡಿದ್ರೆ ಒಳ್ಳೆಯದು.

ಪಂಪ್ ಓಡ್ತಾ ಇರುವಾಗ ಅಣ್ಣ ಬೋರ್ಡಿನಲ್ಲಿ ಅಳೆದ್ರು, 221 ವೋಲ್ಟ್, ಕ್ಲ್ಯಾಂಪ್ ಮೀಟರಿನಲ್ಲಿ 9 ಆಂಪಿಯರ್. ಬಾವಿ ಕಡೆ ಹೋಗಿ ಪಂಪಿನ ಸ್ಟಾರ್ಟರಿನಲ್ಲಿ ಅಳೆದ್ರೆ 203. ಹುಡುಗ ಅಲ್ಲೇ ಮೋಟು ಕಾಗದದಲ್ಲಿ ಬರೆದ: 18 ವೋಲ್ಟ್ ಕಮ್ಮಿ, 9 ಆಂಪಿಯರ್, 18 ÷ 9 = 2 ಓಮ್. ಇರಬೇಕಾದದ್ದು 1.44. "ಮಾವ, 0.56 ಜಾಸ್ತಿ ಉಂಟು. ಅದು ಎಲ್ಲಿಂದ?" ಅಂತ ಕೇಳಿ, ತಾನೇ 9 × 9 × 0.56 ಮಾಡಿ 45 ವ್ಯಾಟ್ ಅಂತ ಬರೆದು, "ಎಲ್ಲಿಯೋ ಒಂದು ಕಡೆ ಬಿಸಿ ಆಗ್ತಾ ಉಂಟು" ಅಂದ.

ಭಾವನಿಗೆ ಆಗ ನೆನಪಾಯ್ತು, ಎರಡು ವರ್ಷದ ಹಿಂದೆ ಗುದ್ದಲಿ ತಾಗಿ ಕೇಬಲ್ ತುಂಡಾಗಿತ್ತು, ಕೆಲಸಕ್ಕೆ ಬಂದವರು ತಿರುಚಿ ಟೇಪ್ ಸುತ್ತಿದ್ರು, ಅರ್ಧ ದಾರಿಯಲ್ಲಿ, ಕಣಿಯ ಬದಿಯಲ್ಲಿ. ಮೈನ್ ಆಫ್ ಮಾಡಿ ಅಲ್ಲಿ ಮಣ್ಣು ಸರಿಸಿ ನೋಡಿದ್ರೆ ಟೇಪ್ ಗಟ್ಟಿಯಾಗಿ ಸೀದು ಹೋಗಿತ್ತು, ಬಿಡಿಸಿದಾಗ ಕೈಯಲ್ಲೇ ಪುಡಿ ಪುಡಿ ಆಯ್ತು, ಒಳಗೆ ತಾಮ್ರ ಕಪ್ಪು ಮತ್ತೆ ಹಸಿರು, ನಮ್ಮ ಬಚ್ಚಲಿನ ಪಿನ್ನಿನದ್ದೇ ಬಣ್ಣ. ಅಣ್ಣ ಎರಡು ಕಡೆಯೂ ಒಳ್ಳೆ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಇಟ್ಟು, ಲಗ್ ಒತ್ತಿ, ನೀರು ಹೋಗದ ಹಾಗೆ ಸ್ಲೀವ್ ಹಾಕಿ, ಈ ಸಲ ನೆಲದಿಂದ ಮೇಲೆ ಒಂದು ಬಾಕ್ಸಿನಲ್ಲಿ ಕೂರಿಸಿದ್ರು. ಪಂಪ್ ಪುನಃ ಶುರು ಮಾಡಿ ಅಳೆದಾಗ ಬೋರ್ಡಿನಲ್ಲಿ 221, ಬಾವಿಯಲ್ಲಿ 208. ಹುಡುಗ ಭಾಗಿಸಿ ನೋಡಿ ಕಾಗದ ಭಾವನ ಕೈಗೆ ಕೊಟ್ಟ, 1.44.